ಜೇನುಮೇಣದ ಏಕಮುದ್ರೆ

ಮುದ್ರೆಯೆಂದೊಡನೆ ಒಂದೇ ರೂಪವು ಹಲವು ಬಾರಿ ಒತ್ತಲ್ಪಡುವುದೆಂಬ ಭಾವನೆ ಮನಸ್ಸಿಗೆ ಬರುವುದು ಸಹಜ. ಹಾಗಾದರೆ ಒಂದೇ ಸಲ ಮೂಡಿ, ಮತ್ತೆ ಅದೇ ರೂಪದಲ್ಲಿ ಮೂಡಲಾರದ ಚಿತ್ರವನ್ನು ಮುದ್ರೆಯೆನ್ನಬಹುದೇ? ಕಾಸಿದ ಲೋಹದ ತಗಡಿನ ಮೇಲೆ ಬಣ್ಣಗೂಡಿಸಿದ ಜೇನುಮೇಣದಿಂದ ಬರೆದು ಕಾಗದಕ್ಕೆ ಇಳಿಸುವ ಚಿತ್ರಗಳ ವಿಚಾರದಲ್ಲಿ ಈ ಪ್ರಶ್ನೆಯು ಏಳುತ್ತದೆ.

ಮೇಣವರ್ಣದ ಚಿತ್ರಕಲೆಯು ಬಹು ಪ್ರಾಚೀನವಾದುದು. ಅದಕ್ಕಿರುವ ‘ಎನ್‌ಕಾಸ್ಟಿಕ್’ ಎಂಬ ಹೆಸರು, ಸುಟ್ಟು ಒಳಗಿಳಿಸುವುದೆಂಬ ಅರ್ಥದ ಗ್ರೀಕ್ ಮಾತಿನಿಂದ ಬಂದುದು. ರೋಮಿನ ಪ್ಲಿನಿಯು ಕ್ರಿ. ಶ. 1ನೆಯ ಶತಮಾನದಲ್ಲಿ ಇದನ್ನು ಕುರಿತು ಬರೆಯುತ್ತ, ಹಡಗುಗಳಿಗೆ ಬಳಿದ ಮೇಣದ ಬಣ್ಣವು ಬಿಸಿಲು, ಉಪ್ಪುನೀರು, ಗಾಳಿಗಳಿಂದ ಕೆಡದೆಂದು ಹೇಳಿರುವನು. ಈ ಮಾತು ಉತ್ಪ್ರೇಕ್ಷೆಯಲ್ಲವೆಂಬುದಕ್ಕೆ ಈಜಿಪ್ಟಿನ ಫಯೂಮ್ ಪ್ರಾಂತದ ಮಮ್ಮಿಗಳ ಮುಖಚಿತ್ರಗಳೇ ಸಾಕ್ಷಿ. 1888ರಲ್ಲಿ ಪೆಟ್ರಿಯು ಹವಾರಾದಲ್ಲಿ ಅಗೆಸಿದಾಗ ದೊರೆತ ಈ ಚಿತ್ರಗಳಲ್ಲಿ ಹಲವನ್ನು ತೆಳುವಾದ ಮರದ ಹಲಗೆಗಳ ಮೇಲೆ ಮೇಣದಿಂದಲೇ ಬರೆಯಲಾಗಿದೆ.

ಆದರೆ ಅವು ಹಲಗೆಯ ಮೇಲೆ ನೇರವಾಗಿ ಬರೆದವು, ಒತ್ತಿ ತೆಗೆದವಲ್ಲ. ತಗಡಿನ ಮೇಲೆ ಮಸಿಯಿಂದ ಚಿತ್ರಿಸಿ ಒಂದೇ ಪ್ರತಿಯನ್ನು ತೆಗೆಯುವ ಕ್ರಮವನ್ನು 17ನೆಯ ಶತಮಾನದಲ್ಲಿ ಇಟಲಿಯ ಕಾಸ್ತಿಲ್ಯೋನೆಯು ಬಳಸಿದನು. 19ನೆಯ ಶತಮಾನದಲ್ಲಿ ಫ್ರಾನ್ಸಿನ ದೆಗಾ ಅದನ್ನು ಬಹಳವಾಗಿ ರೂಢಿಸಿಕೊಂಡನು. ಈ ಎರಡು ಪರಂಪರೆಗಳ ಕೂಡಿಕೆಯೇ ಈಗಿನ ಮೇಣದ ಏಕಮುದ್ರೆ.

ಅದರ ಕ್ರಮವಿಂತು. ಜೇನುಮೇಣವು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಕರಗುವುದು. ನುಣುಪಾದ ತಗಡನ್ನು ಅದಕ್ಕಿಂತ ತುಸು ಹೆಚ್ಚಾಗಿ, ಎಲ್ಲೆಡೆಯೂ ಸಮನಾಗಿ ಕಾಸಬೇಕು. ಬಣ್ಣದ ಮೇಣದ ಕಡ್ಡಿಯನ್ನು ಅದರ ಮೇಲೆ ಎಳೆದರೆ ಗೆರೆಯು ಎಳೆದಲ್ಲಿಯೇ ಕರಗಿ ನಿಲ್ಲುವುದು. ಉಷ್ಣ ಮಿತಿಮೀರಿದರೆ ಗೆರೆಗಳು ಒಂದರೊಳಗೊಂದು ಹರಿದು ಆಕಾರ ಕೆಡುವುದು, ಮೇಣ ಹೊಗೆಯಾಡುವುದೂ ಉಂಟು. ಕಡಮೆಯಾದರೆ ಕಾಗದವು ತಗಡಿಗೆ ಅಂಟಿಕೊಳ್ಳುವುದು. ಕಲಾವಿದನ ಕೌಶಲವೆಲ್ಲವೂ ಈ ಕೆಲವೇ ಡಿಗ್ರಿಗಳ ನಡುವಣದು. ಬಳಿಕ ಹೀರುವ ಗುಣವುಳ್ಳ ತೆಳುಗಾಗದವನ್ನು ಹಾಸಿ ಅಂಗೈಯಿಂದ ಮೆಲ್ಲಗೆ ಸವರಿದರೆ ಸಾಕು. ಮೇಣವು ನಾರಿನೊಳಕ್ಕೆ ತಾನಾಗಿಯೇ ಇಳಿಯುವುದು. ಯಂತ್ರದ ಒತ್ತಡ ಬೇಕಿಲ್ಲ. ಕಾಗದವನ್ನೆತ್ತಿದ ಕೆಲವು ಕ್ಷಣಗಳಲ್ಲಿ ಚಿತ್ರವು ಎಡಬಲ ತಿರುಗಿ, ಗಟ್ಟಿಯಾಗಿ ನಿಂತಿರುವುದು. ಮೇಣವುಂಡ ಕಾಗದವನ್ನು ಬೆಳಕಿಗೆ ಹಿಡಿದರೆ ಅದು ಅರೆಪಾರದರ್ಶಕವಾಗಿ ತೋರುವುದು.

ನಮ್ಮವರಿಗೂ ಜೇನುಮೇಣವು ಹೊಸತಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಮೇಣದ ಅಚ್ಚಿನಿಂದ ಲೋಹವಿಗ್ರಹವನ್ನು ಎರಕ ಹೊಯ್ಯುವ ವಿಧಾನವನ್ನು ತಿಳಿಸುತ್ತದೆ. ಅಲ್ಲಿ ಮೇಣವು ಕರಗಿ ಹೊರಹೋಗಬೇಕು. ಇಲ್ಲಿಯಾದರೋ ಕರಗಿದ ಮೇಣವೇ ಚಿತ್ರವಾಗಿ ಉಳಿಯುವುದು.

ಹೆಸರಿನ ಪ್ರಶ್ನೆಗೆ ಮರಳುವುದಾದರೆ, ‘ಅಚ್ಚು’ ಎಂಬುದು ಇಲ್ಲಿ ಹೊಂದದು. ಅಚ್ಚಿನಲ್ಲಿ ಸ್ಥಿರವಾದ ಮೂಲವೊಂದಿರಬೇಕು. ಈ ತಗಡಿನಲ್ಲಿ ಕೊರೆದುದಾಗಲಿ ಉಬ್ಬಿದುದಾಗಲಿ ಏನೂ ಇಲ್ಲ. ‘ಮುದ್ರೆ’ಗಾದರೋ ಒಂದು ಮೇಲ್ಮೈಯು ಇನ್ನೊಂದರ ಮೇಲೆ ಬಿಟ್ಟ ಗುರುತೆಂಬ ಅರ್ಥವೂ ಇರುವುದರಿಂದ ‘ಏಕಮುದ್ರೆ’ ಎಂಬುದೇ ಯುಕ್ತವೆನಿಸುತ್ತದೆ. ತಗಡಿನಲ್ಲುಳಿದ ಮೇಣದಿಂದ ಎರಡನೆಯ ಪ್ರತಿಯನ್ನು ತೆಗೆಯುವವರುಂಟು. ಆದರೆ ಅದು ಮಸುಕಾದ ಛಾಯೆ ಮಾತ್ರ. ಮಸಿಯ ಅಂತಹ ಛಾಯೆಗಳ ಮೇಲೆ ದೆಗಾ ಬಣ್ಣದ ಕಡ್ಡಿಗಳಿಂದ ಮತ್ತೆ ಬರೆದು ಬೇರೆ ಚಿತ್ರಗಳನ್ನೇ ಮಾಡುತ್ತಿದ್ದನು.