ಲಘುವೂ ಹಿತವೂ ಆದ ತುತ್ತು

ಮಗುವಿಗೆ ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಮಾಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಮನುಸ್ಮೃತಿ ಈ ಸಂಸ್ಕಾರಕ್ಕೆ ಆರನೆಯ ತಿಂಗಳನ್ನು ಹೇಳುತ್ತದೆ. ಸುಶ್ರುತಸಂಹಿತೆಯೂ ಅದೇ ಕಾಲವನ್ನು ಸೂಚಿಸಿ, ಕೊಡುವ ಅನ್ನಕ್ಕೆ ಎರಡು ವಿಶೇಷಣಗಳನ್ನು ಸೇರಿಸುತ್ತದೆ: ಅದು ಲಘುವಾಗಿರಬೇಕು, ಹಿತವಾಗಿರಬೇಕು. ಇಂದಿನ ವೈದ್ಯಶಾಸ್ತ್ರದ ಮಾತೂ ಇದಕ್ಕೆ ದೂರವಲ್ಲ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ತುಂಬಿದ ಮೇಲೆ ಹಾಲಿನ ಜೊತೆಗೆ ಅನ್ನಾಹಾರ ತೊಡಗಬೇಕು. ಎರಡು ವರ್ಷದವರೆಗೂ, ಬೇಕಾದರೆ ಅದರಾಚೆಗೂ, ಮೊಲೆಹಾಲು ಮುಂದುವರಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಕಾಲದ ವಿಷಯದಲ್ಲಿ ದೊಡ್ಡ ತಕರಾರಿಲ್ಲ. ತೊಡಕಿರುವುದು ಆ ಎರಡು ವಿಶೇಷಣಗಳನ್ನು ನಾವು ಅರ್ಥ ಮಾಡಿಕೊಳ್ಳುವ ರೀತಿಯಲ್ಲಿ.

ಲಘುವೆಂದರೆ ಸುಲಭವಾಗಿ ಜೀರ್ಣವಾಗುವುದು. ಆದರೆ ಅನೇಕ ಮನೆಗಳಲ್ಲಿ ಅದನ್ನು ತೆಳುವೆಂದು ತಿಳಿಯುತ್ತಾರೆ. ಬೇಳೆ ಬೆಂದ ಮೇಲೆ ಮೇಲಿನ ತಿಳಿಯಾದ ಕಟ್ಟನ್ನು ಬಸಿದು ಮಗುವಿಗೆ ಕೊಡುತ್ತಾರೆ. ತಳದ ಬೇಳೆ ದೊಡ್ಡವರ ಸಾರಿಗೆ ಹೋಗುತ್ತದೆ. ಅನ್ನದ ಗಂಜಿಯಲ್ಲಿಯೂ ಹಾಗೆಯೇ, ತಿಳಿ ಮಗುವಿಗೆ, ಅಗುಳು ಉಳಿದವರಿಗೆ. ಇದು ಬಡತನದಿಂದ ಮಾಡುವುದಲ್ಲ, ಮಗುವಿನ ಮೇಲಿನ ಅಕ್ಕರೆಯಿಂದ ಮಾಡುವುದು. ಆದರೆ ಮಗುವಿಗೆ ಬೇಕಾದ ಸಾರವೆಲ್ಲ ಬಹುಮಟ್ಟಿಗೆ ಬೇಳೆಯಲ್ಲಿದೆ, ಕಟ್ಟಿನಲ್ಲಿಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಳೆಯ ಮಗುವಿನ ಜಠರ ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ಸುಮಾರು 30 ಮಿಲಿಲೀಟರಿನಷ್ಟನ್ನು ಮಾತ್ರ ಹಿಡಿಯಬಲ್ಲದು. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಸುಮಾರು 240 ಮಿಲಿಲೀಟರಿಗೆ, ಎಂದರೆ ಒಂದು ಲೋಟದಷ್ಟಕ್ಕೆ, ತುಂಬಿಹೋಗುತ್ತದೆ. ತಾಯಿಯ ಹಾಲು ಸಾಕಷ್ಟು ಸಿಗುತ್ತಿರುವ ಮಗುವಿಗೆ ಆರರಿಂದ ಎಂಟನೆಯ ತಿಂಗಳಲ್ಲಿ ದಿನಕ್ಕೆ ಇನ್ನೂ 200 ಕ್ಯಾಲೊರಿ ಅನ್ನಾಹಾರದಿಂದ ಬರಬೇಕು. ಒಂಬತ್ತರಿಂದ ಹನ್ನೊಂದರವರೆಗೆ 300. ಎರಡನೆಯ ವರ್ಷದಲ್ಲಿ 550. ಇಷ್ಟು ಚಿಕ್ಕ ಹೊಟ್ಟೆಯನ್ನು ನೀರಿನಿಂದ ತುಂಬಿಸಿದರೆ ಮಗು ಉಂಡಂತೆ ಕಾಣುತ್ತದೆ, ಅಳು ನಿಲ್ಲುತ್ತದೆ, ಪುಷ್ಟಿ ಮಾತ್ರ ಸಿಗುವುದಿಲ್ಲ. ವೈದ್ಯರು ಹೇಳುವ ಪರೀಕ್ಷೆ ಸರಳವಾದದ್ದು: ಚಮಚವನ್ನು ಓರೆ ಮಾಡಿದರೆ ಸುರಿದುಹೋಗದೆ ನಿಲ್ಲುವಷ್ಟು ಗಟ್ಟಿಯಾಗಿರಬೇಕು ಮಗುವಿನ ಊಟ.

ಇನ್ನು ಹಿತವೆಂಬ ಮಾತು. ಹೊಟ್ಟೆ ತುಂಬುವುದು ಬೇರೆ, ಬೇಕಾದ ಸತ್ವಗಳು ದೊರೆಯುವುದು ಬೇರೆ. ಈ ವಯಸ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಕೊರತೆ ಬೀಳುವುದು ಕಬ್ಬಿಣ. ಮಗು ಹುಟ್ಟುವಾಗ ತಾಯಿಯಿಂದ ಸ್ವಲ್ಪ ಕಬ್ಬಿಣವನ್ನು ಬುತ್ತಿಯಂತೆ ಕಟ್ಟಿಕೊಂಡು ಬಂದಿರುತ್ತದೆ. ಹೆರಿಗೆಯಾದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ತಡೆದರೆ ಆ ಬುತ್ತಿ ಇನ್ನಷ್ಟು ಹಿರಿದಾಗುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿಗೆ ಅದು ಸುಮಾರು ಆರು ತಿಂಗಳಿಗೆ ಸಾಕು. ತಾಯಿಯ ಹಾಲಿನ ಕಬ್ಬಿಣ ಚೆನ್ನಾಗಿ ರಕ್ತಗತವಾಗುವುದಾದರೂ ಅದರ ಪ್ರಮಾಣ ಬಹಳ ಕಡಿಮೆ. ಇತ್ತ ಒಂದು ವರ್ಷದಲ್ಲಿ ಮಗುವಿನ ತೂಕ ಹುಟ್ಟಿದಾಗಿನ ಮೂರರಷ್ಟಾಗುತ್ತದೆ. ಮೈ ಬೆಳೆದಂತೆ ರಕ್ತವೂ ಬೆಳೆಯಬೇಕು. 2001ರಲ್ಲಿ ಅಮೆರಿಕದ ವೈದ್ಯವಿಜ್ಞಾನ ಸಂಸ್ಥೆ ನಿಗದಿ ಮಾಡಿದ ಲೆಕ್ಕದಂತೆ ಏಳರಿಂದ ಹನ್ನೆರಡು ತಿಂಗಳ ಕೂಸಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು; ಪ್ರಾಯದ ಗಂಡಸಿಗೆ 8 ಮಿಲಿಗ್ರಾಂ ಸಾಕು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ತಂದೆಗಿಂತ ಹೆಚ್ಚು ಕಬ್ಬಿಣ ಬೇಕೆಂದರೆ, ಅದರ ಪುಟ್ಟ ತುತ್ತಿನಲ್ಲಿ ಎಷ್ಟು ಸತ್ವ ಅಡಗಿರಬೇಕೆಂಬುದನ್ನು ಊಹಿಸಬಹುದು.

ಇದು ಬರಿಯ ರಕ್ತದ ವಿಚಾರವಲ್ಲ. ಮಿದುಳು ಅತ್ಯಂತ ವೇಗವಾಗಿ ಬೆಳೆಯುವುದು ಮೊದಲ ಎರಡು ವರ್ಷಗಳಲ್ಲಿ, ಆ ಬೆಳವಣಿಗೆಗೂ ಕಬ್ಬಿಣ ಬೇಕು. ಈ ಕಾಲದಲ್ಲಿ ತೀವ್ರ ಕೊರತೆಯಾದರೆ, ಮುಂದೆ ಔಷಧದಿಂದ ರಕ್ತ ಸರಿಹೋದರೂ ಕಲಿಕೆ, ಗಮನಗಳಲ್ಲಿ ಆದ ನಷ್ಟ ಪೂರ್ತಿಯಾಗಿ ತುಂಬದೆ ಉಳಿಯಬಹುದು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67.1 ಮಂದಿಗೆ ರಕ್ತಹೀನತೆ ಕಂಡುಬಂದಿತು. ಕರ್ನಾಟಕದ ಅಂಕಿ 65.5. ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ತಕ್ಕಷ್ಟು ಆಹಾರ ಪಡೆಯುತ್ತಿದ್ದವರು ದೇಶದಲ್ಲಿ ನೂರಕ್ಕೆ 11.3 ಮಾತ್ರ.

ನಮ್ಮ ನಾಡಿನ ರಾಗಿ ಸರಿಯ ವಿಚಾರವನ್ನು ಇಲ್ಲಿ ಎತ್ತಲೇಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶ, ಎಂದರೆ ಕ್ಯಾಲ್ಸಿಯಂ, ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯಲ್ಲಿ ಕಬ್ಬಿಣವೂ ಅಕ್ಕಿಗಿಂತ ಹೆಚ್ಚು. ಆದರೆ ಅದರ ಹೊರಪದರದಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳು ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಇದಕ್ಕೆ ಮದ್ದನ್ನು ನಮ್ಮ ಅಜ್ಜಿಯರೇ ಕಂಡುಕೊಂಡಿದ್ದರು: ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸುವುದು. ಮೊಳಕೆಯಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಆದುದರಿಂದ ಮೊಳಕೆಯ ಹಿಟ್ಟನ್ನು ಹೆಚ್ಚಾಗಿ ಹಾಕಿ ಕುದಿಸಿದರೂ ಸರಿ ಗಂಟುಕಟ್ಟಿ ಮುದ್ದೆಯಾಗುವುದಿಲ್ಲ; ಕೂಸು ಸಲೀಸಾಗಿ ನುಂಗಬಲ್ಲದು. ಈ ತೆಳುವು ನೀರು ಬೆರೆಸಿ ಬಂದದ್ದಲ್ಲ, ಸತ್ವವನ್ನು ಒಳಗಿಟ್ಟುಕೊಂಡೇ ಬಂದದ್ದು. ಲಘುವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಸಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳನ್ನು ಬೆರೆಸಿ ಇಂಥದೇ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಧಾನ್ಯದ ಜೊತೆಗೆ ಕಾಳು ಸೇರಿದರೆ ಒಂದರ ಸಸಾರಜನಕದ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಆದರೆ ಸರಿಯೊಂದರಿಂದಲೇ ಎಲ್ಲವೂ ಆಗದು. ಕಟ್ಟನ್ನು ಬಸಿಯದೆ ಬೇಳೆಯನ್ನೇ ಅನ್ನದೊಡನೆ ಮಿದ್ದು, ಬೆಂದ ಸೊಪ್ಪು, ಕುಂಬಳ, ಗಜ್ಜರಿಗಳಲ್ಲಿ ಒಂದನ್ನು ಸೇರಿಸಿ, ಒಂದು ಚಮಚ ತುಪ್ಪ ಬಿಡಿ. ಈ ತರಕಾರಿಗಳಿಂದ ಬರುವ ಎ ಜೀವಸತ್ವ ಮೈಗೆ ಸೇರಬೇಕಾದರೆ ಜಿಡ್ಡು ಬೇಕು. ಕೊನೆಗೆ ನಾಲ್ಕು ಹನಿ ನಿಂಬೆಯ ರಸ ಹಿಂಡಿ. ಅದರ ಸಿ ಜೀವಸತ್ವ ಸೊಪ್ಪು ಬೇಳೆಗಳ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ತಿನ್ನುವ ಮನೆಗಳಲ್ಲಿ ಚೆನ್ನಾಗಿ ಬೆಂದ ಮೊಟ್ಟೆ, ಮೀನು, ನುಣ್ಣಗೆ ಅರೆದ ಮಾಂಸಗಳನ್ನು ಆರು ತಿಂಗಳ ನಂತರ ಕೊಡಬಹುದು. ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಬೇಗ ಹತ್ತುತ್ತದೆ. ಸಸ್ಯಾಹಾರಿಗಳ ಮನೆಯಲ್ಲಿ ತಾಯಿಯ ಕಡೆಗೂ ಗಮನವಿರಬೇಕು. ಬಿ-12 ಜೀವಸತ್ವ ಸಸ್ಯಗಳಲ್ಲಿ ದೊರೆಯುವುದಿಲ್ಲ. ತಾಯಿಗೆ ಅದು ಕಡಿಮೆಯಾದರೆ ಅವಳ ಹಾಲಿನಲ್ಲಿಯೂ ಕಡಿಮೆಯಾಗುತ್ತದೆ. ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಹಾಲು, ಮೊಸರು, ಸೊಪ್ಪುಗಳನ್ನು ತಪ್ಪಿಸುವುದು ಕೂಸಿಗೂ ತಟ್ಟುತ್ತದೆ.

ಕೊಡಬಾರದವೂ ಕೆಲವಿವೆ. ವರ್ಷ ತುಂಬುವ ಮೊದಲು ಜೇನು ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಪ್ರಾಣಾಂತಕ ಕಾಯಿಲೆ ತರಬಲ್ಲದು. ಒಂದು ವರ್ಷದೊಳಗೆ ಹಸುವಿನ ಹಾಲನ್ನೇ ಮುಖ್ಯ ಆಹಾರವಾಗಿಸಿದರೆ ಕಬ್ಬಿಣದ ಕೊರತೆ ಹೆಚ್ಚುತ್ತದೆ. ಆ ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಚಹಾ ಕಾಫಿಗಳನ್ನು ಮಗುವಿನ ಬಾಯಿಗೆ ತಾಗಿಸಲೇಬಾರದು. ಉಪ್ಪು ಸಕ್ಕರೆಗಳಿಗೆ ಅವಸರವಿಲ್ಲ. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿಯಂಥವು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವುಂಟು.

ಊಟದಿಂದ ತುಂಬದ ಭಾಗಕ್ಕೆ ಸರ್ಕಾರದ ಏರ್ಪಾಡು ಇದೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು, ಒಂಬತ್ತನೆಯ ತಿಂಗಳಿಂದ ಎ ಜೀವಸತ್ವದ ದ್ರವ. ಆಶಾ ಕಾರ್ಯಕರ್ತೆಯನ್ನು ಅಥವಾ ಆರೋಗ್ಯ ಕೇಂದ್ರವನ್ನು ಕೇಳಿ ಪಡೆಯಬಹುದು. ಸಿರಪ್ಪಿನಿಂದ ಮಲ ಕಪ್ಪಾದರೆ ಹೆದರಬೇಕಾದ್ದಿಲ್ಲ. ಸೀಸೆಯನ್ನು ಮಾತ್ರ ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಹೊಸ ರುಚಿಯನ್ನು ಮಗು ಉಗುಳಿದರೆ ಅದಕ್ಕೆ ಒಗ್ಗಲಿಲ್ಲವೆಂದು ಬಿಟ್ಟುಬಿಡುವುದು ವಾಡಿಕೆ. ಅದೇ ಸೊಪ್ಪನ್ನು ಎಂಟು ಹತ್ತು ದಿನ ಬಲವಂತವಿಲ್ಲದೆ ತೋರಿಸಿದರೆ ಮಕ್ಕಳು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ಜ್ವರ, ಭೇದಿಗಳಲ್ಲಿಯೂ ಊಟ ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಟ್ಟು, ಗುಣವಾದ ಮೇಲೆ ಕೆಲವು ದಿನ ಒಂದು ಹೊತ್ತಿನ ಊಟವನ್ನು ಹೆಚ್ಚಿಸಬೇಕು. ಇದಕ್ಕೆಲ್ಲ ಹೊಸದಾಗಿ ಕೊಳ್ಳಬೇಕಾದ ಪದಾರ್ಥಗಳು ಹೆಚ್ಚಿಲ್ಲ. ಒಲೆಯ ಮೇಲಿನ ಬೇಳೆಯ ಪಾತ್ರೆಯಲ್ಲಿ ಸೌಟನ್ನು ಮೇಲುಮೇಲೆ ಆಡಿಸದೆ ತಳದವರೆಗೆ ಇಳಿಸಿ ಬಡಿಸಿದರೆ ಅರ್ಧ ಕೆಲಸವಾದಂತೆ.