ನಾಟಿ ಕೋಳಿ ಕೊಳ್ಳುವ ಮುನ್ನ
2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಕೋಳಿ ಖಾದ್ಯಗಳಿಗೆ ಬೇಡಿಕೆಯೇ ಕುಸಿಯಿತು. ನಿಜವಾಗಿ, ಮಾಂಸದ ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಕಾಯುವಂತೆ ಬೇಯಿಸಿದರೆ ವೈರಾಣು ಸಾಯುತ್ತದೆ. ಹೆಚ್ಚಿನ ಅಪಾಯವಿರುವುದು ಜೀವಂತ ಕೋಳಿ, ಅದರ ಹಿಕ್ಕೆ, ಪುಕ್ಕ ಮತ್ತು ಸಾಗಿಸುವ ಬುಟ್ಟಿಗಳಲ್ಲಿ.

ಹಿತ್ತಿಲಲ್ಲಿ ಬಿಟ್ಟು ಸಾಕಿದ ಕೋಳಿಗಳು ಕೆರೆಯ ಬಾತು, ಕಾಡುಹಕ್ಕಿಗಳೊಂದಿಗೆ ಬೆರೆಯುತ್ತವೆ. ಬಾತು ಆರೋಗ್ಯವಾಗಿ ಕಂಡರೂ ಸೋಂಕು ಹೊತ್ತಿರಬಹುದು. ಕೋಳಿಗಳು ಸಾಯತೊಡಗಿದಾಗ ಉಳಿದವನ್ನು ಅಗ್ಗಕ್ಕೆ ಮಾರಿಬಿಡುವವರೂ ಉಂಟು. ಆದ್ದರಿಂದ ದರ ವಿಚಾರಿಸುವ ಮೊದಲು, ‘ಇತ್ತೀಚೆಗೆ ಕೋಳಿಗಳು ಸತ್ತಿವೆಯೇ?’ ಎಂದು ಮಾಲೀಕರು ಕೇಳಬೇಕು.

ಜೀವಂತ ಕೋಳಿಯನ್ನು ಅಡುಗೆಮನೆಯೊಳಗೆ ತರಿಸಬೇಡಿ. ಹಸಿ ಮಾಂಸಕ್ಕೆ ಬೇರೆ ಚೂರಿ, ಹಲಗೆ ಇರಲಿ. ಮುಟ್ಟಿದ ಹುಡುಗರು ಸಾಬೂನಿನಿಂದ ಕೈ ತೊಳೆಯಲಿ. ಗಿರಾಕಿಗಳಿಗಿಂತ ಮೊದಲು ರಕ್ಷಣೆ ಬೇಕಾದುದು ಅವರಿಗೇ.