ಒಲ್ಲದ ಕಿವಿಗೆ ಸಾರಿದ ಸುವಾರ್ತೆ

ಸಾಗರದ ಸಮೀಪದ ಇಕ್ಕೇರಿ ಇಂದು ಅಘೋರೇಶ್ವರನ ಗುಡಿಯಿಂದಲೇ ಹೆಸರುಳಿಸಿಕೊಂಡಿರುವ ಸಣ್ಣ ಗ್ರಾಮ. 1623ರ ನವೆಂಬರಿನಲ್ಲಿ, ಗೋವೆಯ ಪೋರ್ಚುಗೀಸರು ವೆಂಕಟಪ್ಪ ನಾಯಕನ ಸನ್ನಿಧಿಗೆ ಕಳುಹಿಸಿದ ರಾಯಭಾರದೊಡನೆ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಘಟ್ಟವೇರಿ ಬಂದಾಗ, ಅದು ಕೆಳದಿಯ ಅರಸರ ರಾಜಧಾನಿಯಾಗಿತ್ತು. ಗತಿಸಿದ ವಾದ್ಯಗಾರನೊಬ್ಬನ ಪತ್ನಿ ಸಹಗಮನಕ್ಕೆ ಅಣಿಯಾಗಿರುವಳೆಂದು ಕೇಳಿ ಅವನು ಅವಳ ಮನೆಗೇ ಹೋಗಿ, ಎಳೆಯ ಮಗನನ್ನು ತಬ್ಬಲಿಮಾಡುವುದು ತರವೇ ಎಂದು ಪರಿಪರಿಯಾಗಿ ವಾದಿಸಿದನು. ಅವಳೋ ಪ್ರಸನ್ನವದನಳಾಗಿ ಎಲ್ಲವನ್ನೂ ಆಲಿಸಿ, ತನ್ನ ನಿಶ್ಚಯದಿಂದ ಎಳ್ಳಷ್ಟೂ ಕದಲಲಿಲ್ಲ. ದೆಲ್ಲಾ ವಾಲ್ಲೆ ಪಾದ್ರಿಯಲ್ಲ, ಅವನಾಡಿದ್ದು ಮತೋಪದೇಶವೂ ಅಲ್ಲ. ಆದರೂ ಪರದೇಶದ ಕ್ರೈಸ್ತನೊಬ್ಬ ಮಲೆನಾಡಿನಲ್ಲಿ ಯಾರಿಗೂ ಬೇಡವಾದ ಮಾತನ್ನಾಡಿ ಬರಿಗೈಯಲ್ಲಿ ಹಿಂದಿರುಗಿದ ಈ ಪ್ರಸಂಗ, ಮುಂದೆ ಬಂದ ಎಷ್ಟೋ ಬೋಧಕರ ಪಾಡನ್ನು ಮುಂಚಿತವಾಗಿಯೇ ಬರೆದಿಟ್ಟಂತಿದೆ.

ಕ್ರೈಸ್ತ ಪರಂಪರೆಯಲ್ಲಿ ಬೋಧಕನು ಸಂದೇಶದ ಕರ್ತೃವಲ್ಲ. ಅರಸನ ಓಲೆಯನ್ನು ಊರ ಮುಂದೆ ಓದಿಹೇಳುವ ಓಲೆಕಾರನಂತೆ ಅವನು ಒಪ್ಪಿಸುವವನು ಮಾತ್ರ. ಕೇಳಿದರೂ ಕೇಳದಿದ್ದರೂ ನುಡಿಯಲೇಬೇಕೆಂಬ ಅಪ್ಪಣೆ ಪ್ರವಾದಿ ಯೆಹೆಜ್ಕೇಲನಿಗಿತ್ತು. ನುಡಿದ ತಪ್ಪಿಗೆ ಯೆರೆಮೀಯನನ್ನು ಕೆಸರು ತುಂಬಿದ ಬಾವಿಗಿಳಿಸಿದರು. ಅಥೇನೆಯ ಪಂಡಿತಸಭೆಯಲ್ಲಿ ಪೌಲನು ಪುನರುತ್ಥಾನದ ಮಾತೆತ್ತಿದೊಡನೆ ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳೋಣವೆಂದರು. ನಿಷ್ಠೆಯೆಂದರೆ ಜಯವಲ್ಲ, ಓಲೆಯನ್ನು ತಿದ್ದದೆ ಓದುವುದು ಎಂಬ ಭಾವನೆ ಬೇರೂರಿದ್ದು ಇಂಥ ಕಥೆಗಳಿಂದ.

ಈ ನಿಷ್ಠೆಗೆ ಕನ್ನಡ ಕರಾವಳಿಯಲ್ಲಿ ಒದಗಿದ ಪರೀಕ್ಷೆಗಳು ಒಂದೇ ಬಗೆಯವಲ್ಲ. ಕೆಳದಿಯ ರಾಜಧಾನಿ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ಸಾಗಿ, ಚೆನ್ನಮ್ಮಾಜಿ ಆಳುತ್ತಿದ್ದ ಕಾಲದಲ್ಲಿ, 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದ ಗೋವೆಯ ಕಥೋಲಿಕ ಪಾದ್ರಿ ಜೋಸೆಫ್ ವಾಜ್‌ಗೆ ಹೆಚ್ಚಿನ ಕಿರುಕುಳವಾದದ್ದು ಸ್ವಮತೀಯರ ಅಧಿಕಾರಕಲಹದಿಂದ: ಕೆನರಾದ ಇಗರ್ಜಿಗಳು ಪೋರ್ಚುಗೀಸ್ ದೊರೆಯ ಆಶ್ರಯಕ್ಕೆ ಸೇರಿದವೋ, ರೋಮು ನೇರವಾಗಿ ನೇಮಿಸಿದ ಬಿಷಪನಿಗೆ ಸೇರಿದವೋ ಎಂಬ ವ್ಯಾಜ್ಯ ಅದು.

1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೂವರಲ್ಲಿ ಸಾಮ್ಯುವೆಲ್ ಹೇಬಿಕ್ ಜಾತ್ರೆಯ ನಡುವೆ ನಿಂತು ಸಾರುವ ಪ್ರಕೃತಿಯವನು. ಮುಂದೆ ಮಲಬಾರಿನ ಜಾತ್ರೆಗಳಲ್ಲಿ ಧೂಳು ಕಲ್ಲುಗಳ ಮಳೆಯಾದರೂ ಅವನು ಮರುವರ್ಷ ಅಲ್ಲಿಗೇ ಹಾಜರಾಗುತ್ತಿದ್ದನು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್‌ನದು ಬೇರೆ ದಾರಿ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವನು, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಇವನೇ. ಆದರೆ ಈ ಸೌಮ್ಯನ ಬೋಧೆಯೇ ಊರನ್ನು ಹೆಚ್ಚು ಕದಡಿತು: 1844ರ ಜನವರಿ 6ರಂದು ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನು ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಪೇಟೆ ಕುದಿದುಹೋಯಿತು. ಗುರುವಿನ ಹೆಸರನ್ನೇ ಧರಿಸಿ ಹರ್ಮನ್ ಕೌಂಡಿನ್ಯನಾದ ಅವನು ಬಾಸೆಲ್ಲಿನಲ್ಲಿ ಓದಿ, ಬೋಧಕನಾಗಿ 1851ರಲ್ಲಿ ಮರಳಿದನು. ಕೈಹಿಡಿದ ಹೆಂಡತಿ ಮಾತ್ರ ಅವನ ಹೊಸ ಬಾಳಿಗೆ ಬರಲೊಲ್ಲದೆ ಉಳಿದಳು. ಜಾತ್ರೆಯ ಕಲ್ಲು ಒಂದು ಹೊತ್ತಿನದು. ಮನೆಯೊಳಗಿನ ನಿರಾಕರಣೆ ಜೀವಮಾನದ್ದು.

ಘಟ್ಟದ ಮೇಲಿನ ನಿರಾಕರಣೆಯ ರೂಪವನ್ನು ಬಲ್ಲವರು ಕುವೆಂಪು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುವ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ತೀರ್ಥಹಳ್ಳಿಯ ಪಾದ್ರಿ ಜೀವರತ್ನಯ್ಯ ಹಳ್ಳಿಗೆ ಬೈಸಿಕಲ್ಲು ತರುತ್ತಾನೆ. ಜನ ಬೆರಗಾಗುವುದು ಆ ಎರಡು ಚಕ್ರದ ವಾಹನಕ್ಕೆ, ಸುವಾರ್ತೆಗಲ್ಲ. ಬೆಟ್ಟಳ್ಳಿಯ ದೇವಯ್ಯಗೌಡನ ಮನಸ್ಸು ಕಿಲಸ್ತರ ಜಾತಿಯತ್ತ ವಾಲಿದಾಗಲೂ, ಅದರಲ್ಲಿ ಶ್ರದ್ಧೆಯೆಷ್ಟು, ಹೊಸ ಕಾಲದ ಮೋಹವೆಷ್ಟು ಎಂದು ತೂಗುವುದು ಓದುಗನಿಗೆ ಸುಲಭವಲ್ಲ. ಕಾದಂಬರಿಯಿಂದಾಚೆಗೂ, ಮಲೆನಾಡಿನ ಮನೆಗಳು ಬೋಧಕನಿಗೆ ಕಲ್ಲೆಸೆಯುವಂಥವಲ್ಲ. ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಎಲೆಯಡಿಕೆಯ ಹರಿವಾಣ ಮುಂದಿಟ್ಟು, ‘ಆಗಲಿ ಸ್ವಾಮಿ, ನಿಮ್ಮ ದೇವರೂ ದೊಡ್ಡವನೇ’ ಎಂದು ಮಾತನ್ನು ಅಡಕೆಯ ಧಾರಣೆಯತ್ತ ಹೊರಳಿಸುವಂಥವು. ಈ ಸೌಜನ್ಯವನ್ನು ದಾಟುವುದಕ್ಕಿಂತ ಹೇಬಿಕ್ಕನ ಕಲ್ಲುಮಳೆಯನ್ನು ದಾಟುವುದೇ ಸುಲಭವೆಂದು ನನಗೆ ತೋರುತ್ತದೆ. ಮಂಗಳೂರಿನಲ್ಲಿ 1865ರಲ್ಲಿ ಇದೇ ಮಿಶನ್ ತೆರೆದ ಕಾರ್ಖಾನೆಯಿಂದ ಮೊದಲಾದ ‘ಮಂಗಳೂರು ಹೆಂಚು’ ಮಾತ್ರ ಯಾವ ತಕರಾರೂ ಇಲ್ಲದೆ ಘಟ್ಟವೇರಿ, ಸೋಗೆಯ ಮಾಡುಗಳನ್ನೆಲ್ಲ ಪದಚ್ಯುತಗೊಳಿಸಿತು.

ಇಲ್ಲೊಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕು. ಜನ ತಿರಸ್ಕರಿಸಿದರೆಂಬುದೇ ಬೋಧಕನ ನಿಷ್ಠೆಗೆ ಪ್ರಮಾಣಪತ್ರವಾಗಲಾರದು. ಜಾತ್ರೆಯಲ್ಲಿ ನಿಂತು, ತೇರನ್ನೆಳೆಯುವವರ ದೇವರನ್ನೇ ಹೀಯಾಳಿಸಿ, ಬಂದ ಕೋಪವನ್ನು ಸತ್ಯಕ್ಕಾಗಿ ಪಟ್ಟ ಪಾಡೆಂದು ವರದಿ ಬರೆದು ಯುರೋಪಿಗೆ ಕಳುಹಿಸಿದವರೂ ಇದ್ದರು. ಅಲ್ಲಿ ಜನ ಒಲ್ಲೆನೆಂದದ್ದು ಸುವಾರ್ತೆಯನ್ನಲ್ಲ, ಒರಟುತನವನ್ನು. ಹಾಗೆಯೇ ಆದರದ ಸ್ವಾಗತವೂ ವಂಚಿಸೀತು: 1840ರ ಆಸುಪಾಸಿನಲ್ಲಿ ಹುಬ್ಬಳ್ಳಿ ಧಾರವಾಡದ ಕಡೆ ಕಾಲಜ್ಞಾನದ ವಚನಗಳನ್ನು ನಂಬಿದ ಕೆಲವರು, ಬರಲಿರುವನೆಂದು ತಾವು ಕಾಯುತ್ತಿದ್ದ ಗುರು ನೀವೇ ಎಂಬಂತೆ ಮಿಶನರಿಗಳನ್ನು ಎದುರುಗೊಂಡರು; ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ಅವರಿಗಾಗಿ ಭೂಮಿ ಹಿಡಿದು ವಸಾಹತನ್ನೇ ಹೂಡಿದ್ದಾಯಿತು, ನೆಲಸಲು ಬರಬೇಕಾದವರು ಬರಲಿಲ್ಲ.

ಆದರೆ ಒಲ್ಲದ ಮಾತನ್ನು ಕೇಳುವವರು ಯಾವಾಗಲೂ ಪರಮತೀಯರೇ ಆಗಿರಬೇಕಿಲ್ಲ. ಫ್ರಾನ್ಸಿನ ಕಥೋಲಿಕ ಪಾದ್ರಿ ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದು, ಶ್ರೀರಂಗಪಟ್ಟಣದ ಪತನದ ತರುವಾಯ ಮೈಸೂರು ಸೀಮೆಯಲ್ಲಿ ನೆಲಸಿ, ದೇಶೀಯರ ಉಡುಪನ್ನುಟ್ಟು, ಹಾಸನದ ಸೀಮೆಯ ಸಾತಳ್ಳಿಯಲ್ಲಿ ಒಕ್ಕಲು ನಿಲ್ಲಿಸಿ, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸಕ್ಕೂ ದುಡಿದವನು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಅವನು, ಅಷ್ಟು ವರ್ಷಗಳ ದುಡಿಮೆಯಲ್ಲಿ ತಾನು ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿ ಶ್ರದ್ಧೆಯಿಂದ ಬಂದವರು ಅತ್ಯಲ್ಪವೆಂದೂ, ಇಂದಿನ ಪರಿಸ್ಥಿತಿಯಲ್ಲಿ ಹಿಂದೂಗಳ ಮತಾಂತರ ಮನುಷ್ಯಸಾಧ್ಯವಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆದನು. ಮಿಶನ್ನುಗಳಿಗೆ ದೇಣಿಗೆ ಕೊಡುತ್ತಿದ್ದ ಇಂಗ್ಲೆಂಡಿಗೆ ಇದು ಸಿಡಿಲಿನಂಥ ಸುದ್ದಿ. ಮರುವರ್ಷವೇ ಜೇಮ್ಸ್ ಹಫ್ ಎಂಬ ಪಾದ್ರಿ ಖಂಡನೆಗೆಂದೇ ಪುಸ್ತಕ ಬರೆದನು. ದುಬುವಾ ಒಂದಕ್ಷರವನ್ನೂ ಹಿಂತೆಗೆದುಕೊಳ್ಳಲಿಲ್ಲ. ಮತ್ತೆ ಈ ನೆಲಕ್ಕೆ ಮರಳದೆ, ಪ್ಯಾರಿಸಿನಲ್ಲಿ ಪೂರ್ವದೇಶಗಳಿಗೆ ಪಾದ್ರಿಗಳನ್ನು ಸಿದ್ಧಗೊಳಿಸಿ ಕಳುಹಿಸುವ ಗುರುಮಠವನ್ನು ಸೇರಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥನೂ ಆಗಿದ್ದು, 1848ರಲ್ಲಿ ತೀರಿಕೊಂಡನು.